ಕಾಲುವೆಯ ಲೆಕ್ಕದಲ್ಲಿ ಸಮುದ್ರ

ಸಮುದ್ರದೊಳಗೆ ಇಳಿಯುವ ಆಸೆ ನನ್ನದಲ್ಲ, ನನ್ನ ನಾದಿನಿಯದು. ಹೆದರಿಕೆ ಮಾತ್ರ ಪೂರಾ ನನ್ನದೇ ಆಗಿತ್ತು.

ನಾನು ಹುಟ್ಟಿ ಬೆಳೆದದ್ದು ಕುರುಗೋಡಿನಲ್ಲಿ, ಗುಡ್ಡದ ಬುಡದ ಓಣಿಯಲ್ಲಿ. ನಮಗೆ ನೀರೆಂದರೆ ಕೊಡದಲ್ಲಿ ಮನೆಗೆ ಬರುವ ಪದಾರ್ಥ. ಅದರೊಳಗೆ ಮನುಷ್ಯರು ಸುಮ್ಮನೆ ಖುಷಿಗಾಗಿ ಇಳಿಯುತ್ತಾರೆ ಎಂಬುದು ನನಗೆ ಗೊತ್ತಾದದ್ದು ಮದುವೆಯಾಗಿ ಸಿರುಗುಪ್ಪಕ್ಕೆ ಬಂದ ಮೇಲೆ. ಗಂಡನ ಮನೆಯ ಹಿತ್ತಲ ಬಾಗಿಲು ತೆಗೆದರೆ ಕಾಲುವೆ. ನಾನು ಹೊಸ ಸೊಸೆಯಾಗಿ ಹೋದ ವಾರವೇ, ಎರಡು ಜಡೆಯ ಒಂದು ಹುಡುಗಿ ಮೆಟ್ಟಿಲಿನಿಂದ ಹಾರಿ ಮುಳುಗಿ, ಎಷ್ಟು ಹೊತ್ತಾದರೂ ಮೇಲೆ ಬಾರದೆ, ನಾನು ಬಾಯಿ ಬಡಿದುಕೊಳ್ಳಲು ಶುರುಮಾಡಿದ ಮೇಲೆ ಅಲ್ಲೆಲ್ಲೋ ದೂರ ತಲೆ ಎತ್ತಿ ಕಿಸಕ್ಕನೆ ನಕ್ಕಿತ್ತು. ಅವಳೇ ನನ್ನ ನಾದಿನಿ. ಅತ್ತಿಗೆ ಅನ್ನುವ ಬದಲು ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದಳು.

ನಾನು ಹೇಳುತ್ತಿರುವುದು ಅವಳು ದೊಡ್ಡವಳಾಗಿ, ಡಿಗ್ರಿ ಮುಗಿಸಿ, ಬಳ್ಳಾರಿಯಲ್ಲಿ ನಾವು ಹೂಡಿದ ಮನೆಯಲ್ಲಿದ್ದುಕೊಂಡು ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದ ಮಾತು. ಆಗ ಗಣಿಗಳ ಅಬ್ಬರ. ಊರಿಗೆ ಊರೇ ಕೆಂಪು. ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ ಬಟ್ಟೆಯಾಗುತ್ತಿತ್ತು. ನಮ್ಮ ಮನೆಯವರದು ತಾಡಪತ್ರಿ ಮತ್ತು ಹಗ್ಗದ ಅಂಗಡಿ. ಅದಿರು ತುಂಬಿದ ಲಾರಿಗಳಿಗೆಲ್ಲ ಹೊದಿಸಲು ತಾಡಪತ್ರಿ ಬೇಕಲ್ಲ, ಹಾಗಾಗಿ ಅವರಿಗೆ ಉಣ್ಣಲು ಬಿಡುವಿರಲಿಲ್ಲ. ನಿನ್ನೆವರೆಗೆ ನಮ್ಮ ಜೊತೆ ಸಿಟಿ ಬಸ್ಸಿಗೆ ಕಾಯುತ್ತಿದ್ದವರು ಇವತ್ತು ದೊಡ್ಡ ಕಾರಿನ ಗಾಜು ಇಳಿಸಿ ನಮ್ಮನ್ನು ಮಾತಾಡಿಸುವ ಕಾಲ ಅದು. ಅಂಥ ಒಂದು ಮನೆಯ ಹುಡುಗಿ, ನಾದಿನಿಯ ಜೊತೆ ಓದಿದವಳು, ಸಮುದ್ರದ ತಳದಲ್ಲಿ ಮೀನುಗಳ ನಡುವೆ ನಿಂತ ಫೋಟೊ ತೆಗೆಸಿಕೊಂಡು ಬಂದು ತೋರಿಸಿದಳು.

"ಅಕ್ಕಾ, ಆಕಿಗೆ ಬಕೀಟಿನ್ಯಾಗ ಈಜಾಕ ಬರಂಗಿಲ್ಲ," ಎಂದು ನಾದಿನಿ ಆ ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು ಕೂತಳು. "ಕಾಲುವಿಯಾಗ ಹುಟ್ಟಿದಾಕಿ ನಾನು. ನಾನು ಫೋಟೊ ನೋಡ್ಕೋತ ಕುಂದರಬೇಕೇನು?"

ಅವಳ ಮದುವೆ ಆಗಲೇ ಗೊತ್ತಾಗಿತ್ತು. ಹತ್ತಿರದ ಕರೂರಿನ ವರ, ಭತ್ತ ಬೆಳೆಯುವ ಒಳ್ಳೆಯ ಮನೆತನ, ತುಳಸಿ ಲಗ್ನ ಕಳೆದ ಮೇಲೆ ಮುಹೂರ್ತ. ಅದಕ್ಕೆ ಮುಂಚೆ ಒಂದು ಸಲ ಸಮುದ್ರದೊಳಗೆ ಇಳಿದು ಬರಬೇಕು ಎಂಬುದು ಅವಳ ಹಟ. ಮದುವೆಯಾದ ಮೇಲೆ ಇದು ಆಗುವ ಮಾತಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕೇಳಲು ಸಿರುಗುಪ್ಪಕ್ಕೆ ಹೋದಾಗ ಅತ್ತೆ ಪಡಸಾಲೆಯಲ್ಲಿ ಕೂಲಿಯ ಹೆಂಗಸಿಗೆ ಭತ್ತ ಅಳೆಯುತ್ತಿದ್ದರು. ನಮ್ಮ ಕಡೆ ಕಾಳು ಅಳೆಯುವ ರೀತಿ ಬಲ್ಲವರಿಗೆ ಗೊತ್ತು. ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಮುಂದಿನ ಸೇರು ತುಂಬುವವರೆಗೂ ಬಾಯಲ್ಲಿ ಅದೇ ಎಣಿಕೆ ನಡೆಯುತ್ತಲೇ ಇರಬೇಕು: ಲಾಭ, ಲಾಭ, ಲಾಭ... ಎರಡು, ಎರಡು, ಎರಡು... ಬಾಯಿ ನಿಂತರೆ ಲೆಕ್ಕ ಹೋಯಿತು.

"ಅವ್ವಾ, ನಾ ಸಮುದ್ರದಾಗ ಇಳೀಬೇಕಂತೀನಿ," ಎಂದಳು ಇವಳು.

ಅತ್ತೆಯ ಕೈ ನಿಲ್ಲಲಿಲ್ಲ. "ಮೂರು, ಮೂರು, ಮೂರು... ಇಳಿ, ಕಾಲು ತೊಯಿಸ್ಕೊಂಡು ಬಾ... ನಾಕು, ನಾಕು..."

"ಕಾಲಲ್ಲವ್ವಾ. ಪೂರಾ ಒಳಗ. ಬೆನ್ನಿಗೆ ಸಿಲಿಂಡರ್ ಕಟಿಗೊಂಡು."

ಸೇರು ಗಾಳಿಯಲ್ಲೇ ನಿಂತಿತು. "ಎಂಥಾ ಸಿಲಿಂಡರಲೇ? ಅಡಿಗಿಮನೀದಾ?"

"ಗಾಳೀದು. ನೀರಾಗ ಉಸರಾಡಾಕ. ಮತ್ತ ಮುಳಗಾಕ ಅಂತ ನಡಕ್ಕ ಸೀಸದ ತುಂಡು ಕಟ್ಟತಾರಂತ."

ಅತ್ತೆ ನನ್ನ ಕಡೆ ತಿರುಗಿದರು. "ಕೇಳಿದೇನ ಇಕಿ ಮಾತು? ತೇಲಲಿ ಅಂತ ನಾ ಇಕಿ ನಡಕ್ಕ ಬೆಂಡು ಕಟ್ಟಿ ಈಜ ಕಲಿಸೀನಿ. ಅವರು ಮುಳಗಲಿ ಅಂತ ಸೀಸ ಕಟ್ಟತಾರಂತ. ಅಂಥಾ ಮಂದಿ ಕೈಯಾಗ ನನ್ನ ಮಗಳನ್ನ ಕೊಡಬೇಕಂತ!"

ಆಮೇಲೆ ಮುಂದಿದ್ದ ರಾಶಿ ನೋಡಿದರು. ಎಣಿಕೆ ತಪ್ಪಿತ್ತು. "ನಾಕಾಗಿತ್ತಬೇ ಯಕ್ಕಾ," ಎಂದಳು ಕೂಲಿಯ ಹೆಂಗಸು. ಅತ್ತೆ ಕೇಳಲಿಲ್ಲ. ಅಳೆದಿದ್ದನ್ನೆಲ್ಲ ತಿರುಗಿ ಚೀಲಕ್ಕೆ ಸುರಿದರು. "ಎಣಿಕಿ ತಪ್ಪಿತಂದ್ರ ಮುಗೀತು ತಂಗಿ. ಮತ್ತ ಮೊದಲಿಂದ ಅಳೀಬೇಕು." ನಿನಗೂ ಮೋಸ ಬೇಡ, ನನಗೂ ಬೇಡ ಎಂಬುದು ಅವರ ಯಾವತ್ತಿನ ರೀತಿ.

ಊಟವಾಗಿ ಅಡಿಕೆ ಎಲೆ ಹಾಕಿಕೊಂಡ ಮೇಲೆ ಅತ್ತೆ ತಾವಾಗಿ ಮಾತು ತೆಗೆದರು. "ತುಳಸಿ ಲಗ್ನದೊಳಗ ಮುಗಿಸ್ಕೊಂಡು ಬಿಡ್ರಿ. ಆಮ್ಯಾಲ ಇಕಿ ಕರೂರಿನವರ ಸೊಸಿ. ಅವರ ಮನ್ಯಾಗ ಸೊಸಿ ಕಾಲುವಿಗೆ ಹೋದ್ರ ಬಟ್ಟಿ ಒಗ್ಯಾಕ ಅಷ್ಟ." ನಾದಿನಿ ಎದ್ದು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅತ್ತೆ ನನ್ನ ಮೊಣಕೈ ಹಿಡಿದರು. "ಆದ್ರ ನೀನ ಕರಕೊಂಡು ಹೋಗಬೇಕು, ನೀನ ಕರಕೊಂಡು ಬರಬೇಕು. ನನ್ನ ಮಗ ಬ್ಯಾಡ. ಅವ ತಂಗಿ ಏನಂದ್ರೂ ಹೂಂ ಅಂತಾನ. ನೀ ಅಂಜಾಕಿ. ಅಂಜಾಕಿ ಕೈಯಾಗ ಕೊಟ್ರ ಮಗಳು ತಿರಿಗಿ ಬರತಾಳ."

ನನ್ನ ಅಂಜಿಕೆಗೆ ಅಲ್ಲಿಯವರೆಗೆ ಯಾರೂ ಅಂಥ ಮರ್ಯಾದೆ ಕೊಟ್ಟಿರಲಿಲ್ಲ. ಅವತ್ತಿನಿಂದ ನನ್ನ ನಿದ್ದೆ ಹೋಯಿತು.

ದಾರಿಯ ಚಿಂತೆಯೇ ಮೊದಲು. ಬಳ್ಳಾರಿಯಿಂದ ಸಮುದ್ರಕ್ಕೆ ಹೋಗುವ ದಾರಿಯೂ ಅದಿರು ಬಂದರಿಗೆ ಹೋಗುವ ದಾರಿಯೂ ಒಂದೇ ಆಗಿತ್ತು. ಅಂಗಡಿಗೆ ಬರುವ ಒಬ್ಬ ಮುದುಕ ಡ್ರೈವರ್, ನಾವೆಲ್ಲ ಚಾಚಾ ಅನ್ನುತ್ತಿದ್ದೆವು, ನನ್ನ ಯೋಜನೆ ಕೇಳಿ ಚಹಾದ ಬಟ್ಟಲು ಕೆಳಗಿಟ್ಟರು.

"ಅಂಕೋಲಾ ಘಾಟಿನ್ಯಾಗ ಹೋಗಬ್ಯಾಡ್ರಿ ಬೇಟಿ. ಒಂದು ಲಾರಿ ಎಕ್ಸಲ್ ಮುರಕೊಂಡು ಅಡ್ಡ ನಿಂತ್ರ ಖಲ್ಲಾಸ್. ಹೋದ ತಿಂಗಳು ನಾ ಅಲ್ಲೇ ಅನ್ನ ಮಾಡ್ಕೊಂಡು ಉಂಡೀನಿ, ಅಲ್ಲೇ ನಮಾಜ್ ಮಾಡೀನಿ, ಅಲ್ಲೇ ಗಡ್ಡ ಮಾಡಿಸ್ಕೊಂಡೀನಿ."

"ಗಡ್ಡ ಮಾಡೋರು ಎಲ್ಲಿ ಸಿಕ್ಕರು ಚಾಚಾ?"

"ಹಿಂದಿನ ಲಾರಿ ಕ್ಲೀನರ್ ಮೊದಲ ಆ ಕೆಲಸ ಮಾಡ್ತಿದ್ದನಂತ. ಹೊತ್ತು ಹೋಗಬೇಕಲ್ಲ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಶಿರಸಿ ಮೇಲೆ ಬಸ್ಸು ಎಂದು ಅವತ್ತೇ ತೀರ್ಮಾನಿಸಿದೆ. ಬಸ್ಸು ತಪ್ಪಿದರೆ ಯಾವ ಬಸ್ಸು, ಅದೂ ತಪ್ಪಿದರೆ ಹುಬ್ಬಳ್ಳಿಯಲ್ಲಿ ಯಾರ ಮನೆ, ಲಾಡ್ಜಿನಲ್ಲಿ ಇಬ್ಬರೇ ಹೆಂಗಸರಿಗೆ ರೂಮು ಕೊಡದಿದ್ದರೆ ಏನು, ಹೊಟ್ಟೆ ಕೆಟ್ಟರೆ ಯಾವ ಗುಳಿಗೆ, ಬೋಟಿನಲ್ಲಿ ತಲೆ ತಿರುಗಿದರೆ ನಿಂಬೆಹಣ್ಣು ಸಾಕೋ ಮಾತ್ರೆಯೇ ಬೇಕೋ... ಪಾತ್ರೆ ತಿಕ್ಕುವಾಗ, ರೊಟ್ಟಿ ಬಡಿಯುವಾಗ ಇವೇ ನನ್ನ ತಲೆಯಲ್ಲಿ ಸುತ್ತುತ್ತಿದ್ದವು. "ನೀ ಹೊಂಟಿದ್ದು ಸಮುದ್ರಕ್ಕೋ ಯುದ್ಧಕ್ಕೋ?" ಎಂದು ನಮ್ಮ ಮನೆಯವರು ಕೇಳಿದರು. "ನಿಮ್ಮವ್ವ ನಿಮ್ಮನ್ನ ನಂಬಿ ಕಳಿಸಿದ್ರ ನಾನೂ ನಕ್ಕೋತ ಇರ್ತಿದ್ದೆ ರೀ," ಎಂದೆ.

ಇಷ್ಟೆಲ್ಲ ಯೋಚನೆ ಮಾಡಿದ ನಾವು ಯಾವ ತಿಂಗಳು ಹೋಗಬೇಕು ಎಂಬುದನ್ನು ಯೋಚನೆ ಮಾಡಲೇ ಇಲ್ಲ. ಅದು ಯೋಚಿಸುವ ವಿಷಯ ಎಂದೇ ಅನಿಸಿರಲಿಲ್ಲ. ಸಿರುಗುಪ್ಪದಲ್ಲಿ ನೀರಿಗೆ ಒಂದು ಕಾಲವಿದೆ. ಬೇಸಿಗೆಯಲ್ಲಿ ಕಾಲುವೆ ಬಂದ್, ತಳದ ಕೆಸರು ಬಿರುಕು ಬಿಟ್ಟಿರುತ್ತದೆ. ಮಳೆ ಬಂದು ಡ್ಯಾಮು ತುಂಬಿದ ಮೇಲೆ ನೀರು ಬಿಡುತ್ತಾರೆ, ಊರಿಗೆ ಜೀವ ಬರುತ್ತದೆ. ನೀರಿಗೆ ಇಳಿಯುವುದು ಆಗ. ಹಾಗಾಗಿ ಶ್ರಾವಣ ಎಂದಳು ನಾದಿನಿ, ಶ್ರಾವಣ ಎಂದರು ಅತ್ತೆ, ನಾನೂ ಶ್ರಾವಣಕ್ಕೇ ರೈಲಿನ ಟಿಕೆಟ್ ಮಾಡಿಸಿದೆ. ಎಲ್ಲ ಆದ ಮೇಲೆ, ಮುರುಡೇಶ್ವರದಲ್ಲಿ ಸ್ಕೂಬಾ ಮಾಡಿಸುವವರ ನಂಬರನ್ನು ಆ ಫೋಟೊದ ಹುಡುಗಿಯಿಂದ ತರಿಸಿ, ಬರುತ್ತೇವೆ ಎಂದು ಸುಮ್ಮನೆ ಒಂದು ಮಾತು ತಿಳಿಸಲು ಫೋನ್ ಮಾಡಿದೆ.

"ಈಗ ಬಂದ್ ಅಮ್ಮಾ," ಎಂದಿತು ಆ ಕಡೆಯ ದನಿ. "ಮಳೆಗಾಲ ಅಲ್ವಾ? ಬೋಟು ದಡ ಬಿಡೂದಿಲ್ಲ."

"ನೀರು ತುಂಬಿರೋ ಕಾಲದಾಗ ಬಂದ್ ಯಾಕ್ರೀ?"

"ನೀರು ವರ್ಷ ಪೂರ್ತಿ ಇರ್ತದೆ ಅಮ್ಮಾ," ಎಂದರು ಅವರು, ಮಗುವಿಗೆ ಹೇಳಿದ ಹಾಗೆ. "ಸಮುದ್ರ ಅಲ್ವಾ."

ಫೋನ್ ಇಟ್ಟು ನಾದಿನಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಸಮುದ್ರಕ್ಕೂ ಯಾರೋ ನೀರು ಬಿಡುತ್ತಾರೆ ಎಂಬ ಹಾಗೆ ನಾವಿಬ್ಬರೂ ನಂಬಿಕೊಂಡಿದ್ದೆವಲ್ಲ ಎಂದು ಈಗ ನಗು ಬರುತ್ತದೆ. ಅವತ್ತು ಅವಳು ಊಟ ಮಾಡಲಿಲ್ಲ. ದಸರೆ ಕಳೆದ ಮೇಲೆ ಬನ್ನಿ ಎಂದು ಅವರು ಹೇಳಿದ್ದರು. ದಸರೆಗೂ ತುಳಸಿ ಲಗ್ನಕ್ಕೂ ನಡುವೆ ಉಳಿಯುವುದು ಎಷ್ಟು ದಿನ? ಅದರಲ್ಲೇ ದೀಪಾವಳಿ, ಸೀರೆ ತರುವುದು, ಲಗ್ನಪತ್ರಿಕೆ ಹಂಚುವುದು. ಒಂದು ದಿನ ಆಚೀಚೆ ಆದರೂ ಎಲ್ಲ ಮುಗಿದಂತೆ.

ಕಾಯುವ ದಿನಗಳನ್ನು ದಂಡ ಮಾಡಬಾರದೆಂದು ನಾದಿನಿ ಅಭ್ಯಾಸ ಶುರುಮಾಡಿದಳು. ಶಾಲೆಗೆ ರಜೆ ಸಿಕ್ಕಾಗಲೆಲ್ಲ ಇಬ್ಬರೂ ಸಿರುಗುಪ್ಪಕ್ಕೆ. ಕಾಲುವೆ ತುಂಬಿ ಹರಿಯುತ್ತಿತ್ತು. ಅವಳು ಮೂಗು ಹಿಡಿದು ಮುಳುಗುವುದು, ಅತ್ತೆ ಮೆಟ್ಟಿಲ ಮೇಲೆ ಕೂತು ಭತ್ತ ಅಳೆಯುವ ದನಿಯಲ್ಲೇ ಎಣಿಸುವುದು: ಲಾಭ, ಲಾಭ, ಲಾಭ... ಎರಡು, ಎರಡು... ವಾರದಿಂದ ವಾರಕ್ಕೆ ಎಣಿಕೆ ಏರಿತು. ಉಸಿರು ಕಟ್ಟುವುದರಲ್ಲಿ ಅವಳ ಸಮಾನರು ಇಡೀ ಓಣಿಯಲ್ಲಿ ಇಲ್ಲವಾದರು. ಆಚೆ ದಡದಲ್ಲಿ ಎಮ್ಮೆ ಮೈ ತೊಳೆಯುವವರೂ ಕೈ ನಿಲ್ಲಿಸಿ ನೋಡುತ್ತಿದ್ದರು. ನಾನು ಮಾತ್ರ ನೀರಿನ ಮೇಲೆ ಕಣ್ಣಿಟ್ಟು, ಗುಳ್ಳೆ ಬಂದರೆ ಗತಿಯೇನು ಎಂದು ನಡುಗುತ್ತಿದ್ದೆ. ಕಾಲುವೆಯ ಜನಕ್ಕೆ ನೀರಿನಿಂದ ಗುಳ್ಳೆ ಎದ್ದರೆ ಅದಕ್ಕೆ ಒಂದೇ ಅರ್ಥ: ಕೆಳಗೆ ಯಾರೋ ಸೋತರು, ಓಡಿರಿ.

"ಗುಳ್ಳಿ ಒಂದೂ ಬಿಡಲಿಲ್ಲ ನೋಡಬೇ!" ಎಂದು ಮೇಲೆದ್ದು ಅವಳು ಹೆಮ್ಮೆಯಿಂದ ಹೇಳುವಳು.

"ಹುಲಿ ನನ್ನ ಮಗಳು," ಎನ್ನುವರು ಅತ್ತೆ. ನಾನೂ ಹೌದು ಹೌದು ಎನ್ನುತ್ತಿದ್ದೆ. ಸಮುದ್ರಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ಉಂಟೆ?

ಹೊರಡುವ ವಾರ ಹೊಸ ಭಯ ಹತ್ತಿತು. ನೆಗಡಿಯಾಗಿದ್ದರೆ ನೀರಿಗೆ ಇಳಿಸುವುದಿಲ್ಲ, ಕಿವಿಗೆ ಪೆಟ್ಟಾಗುತ್ತದೆ ಎಂದು ಫೋನಿನವರು ಹೇಳಿದ್ದರು. ಮಳೆ ನಿಂತಿತ್ತು, ಬಂದರು ತೆರೆದಿತ್ತು, ಲಾರಿಗಳು ಸಾಲುಗಟ್ಟಿದ್ದವು, ಬಳ್ಳಾರಿಯ ಕೆಂಪು ಧೂಳು ಮೂಗಿನಲ್ಲಿ ಕೂತು ಊರೆಲ್ಲ ಸೀನುತ್ತಿತ್ತು. ನಾದಿನಿ ಒಂದು ಸಲ ಸೀನಿದ್ದೇ ತಡ, ಒದ್ದೆ ಕರ್ಚೀಫು ಮುಖಕ್ಕೆ ಕಟ್ಟಿಸಿ ಶಾಲೆಗೆ ಕಳಿಸಿದೆ. ಓಮ ಹಾಕಿ ಹಬೆ ಕೊಟ್ಟೆ. ಮದುವೆಯ ಸೀರೆ ಆರಿಸಲು ಏಸಿ ಅಂಗಡಿಗೆ ಕರೆದರೆ ಬೇಡ ಎಂದೆ. "ನಿನ್ನ ಕಾಟಕ್ಕ ನಾ ಸೀರಿ ಇಲ್ಲದ ಮದಿವಿ ಆಗತೀನಿ," ಎಂದು ಅವಳು ಹಬೆಯ ಕಂಬಳಿಯೊಳಗಿನಿಂದ ಬಯ್ದಳು.

ಪ್ರಯಾಣದಲ್ಲಿ ಏನೂ ಆಗಲಿಲ್ಲ. ಅದೇ ನನಗೆ ಹೆಚ್ಚು ದಿಗಿಲು. ರೈಲು ಹೊತ್ತಿಗೆ ಸರಿಯಾಗಿ ಬಂತು. ಹುಬ್ಬಳ್ಳಿಯಲ್ಲಿ ಇಳಿದ ಕೂಡಲೇ ಬಸ್ಸು, ಕಿಟಕಿ ಪಕ್ಕ ಸೀಟು. ಘಾಟಿಯ ತಿರುವುಗಳಲ್ಲಿ ಒಂದೂ ಅದಿರಿನ ಲಾರಿ ಎದುರಾಗಲಿಲ್ಲ. ನಾದಿನಿ ಜೋಳದ ರೊಟ್ಟಿಗೆ ಶೇಂಗಾ ಪುಡಿ ಹಚ್ಚಿಕೊಂಡು ತಿನ್ನುತ್ತಾ ಇಡೀ ದಾರಿ ಹಾಡಿಕೊಂಡಳು. ಲಾಡ್ಜಿನವರು ಒಂದು ಪ್ರಶ್ನೆ ಕೇಳದೆ ಬೀಗದ ಕೈ ಕೊಟ್ಟರು. ನಾನು ಹೆದರಿಕೊಂಡಿದ್ದ ಯಾವುದೂ ಆಗಲಿಲ್ಲವಾದ್ದರಿಂದ, ಹೆದರಿಕೊಳ್ಳಲು ಮರೆತದ್ದು ಏನೋ ಉಳಿದಿದೆ ಎಂದು ಮನಸ್ಸು ಕೊರೆಯುತ್ತಿತ್ತು.

ಬೆಳಿಗ್ಗೆ ಬೋಟು ಹತ್ತಿದೆವು. ದಡ ಹಿಂದೆ ಸರಿದು, ದೇವಸ್ಥಾನ ಸಣ್ಣದಾಗಿ, ಎಲ್ಲ ಕಡೆ ನೀರೇ ಆಯಿತು. ನಾನು ಬೋಟಿನ ಅಂಚನ್ನು ಹಿಡಿದ ಕೈ ಬಿಡಲಿಲ್ಲ. ನಡುಗಡ್ಡೆಯ ಹತ್ತಿರ ಲಂಗರು ಹಾಕಿದ ಮೇಲೆ, ನೀರಿಗೆ ಇಳಿಸುವ ಗುರು, ಆ ಕಡೆಯ ಮೂವತ್ತರ ಆಸುಪಾಸಿನ ಗಂಡಸು, ನಾದಿನಿಯ ಬೆನ್ನಿಗೆ ಸಿಲಿಂಡರ್ ಏರಿಸಿ, ನಡುವಿಗೆ ಸೀಸದ ಪಟ್ಟಿ ಬಿಗಿದು, ಬಾಯಿಗೆ ಕಚ್ಚಿಕೊಳ್ಳುವ ಕೊಳವೆ ತೋರಿಸಿ ಹೇಳಿದರು:

"ಒಂದೇ ಮಾತು ನೆನಪಿಡಬೇಕು. ಉಸಿರು ಹಿಡೀಬಾರದು. ಏನೇ ಆಗ್ಲಿ, ಉಸಿರು ಬಿಡ್ತಾ ಇರ್ಬೇಕು, ತಗೊಳ್ತಾ ಇರ್ಬೇಕು. ಉಸಿರು ಕಟ್ಟಿ ಮೇಲೆ ಬಂದ್ರೆ ಶ್ವಾಸಕೋಶಕ್ಕೆ ಅಪಾಯ, ಆಯ್ತಾ?"

ನಾದಿನಿ ನನ್ನ ಕಡೆ ನೋಡಿದಳು. ನಾನು ಅಂಚನ್ನು ಇನ್ನೂ ಗಟ್ಟಿಯಾಗಿ ಹಿಡಿದೆ. ಮರೆತದ್ದು ಯಾವುದು ಎಂದು ಆಗ ತಿಳಿಯಿತು. ಮಳೆಗಾಲವಿಡೀ ನಾವು ಅವಳಿಗೆ ಕಲಿಸಿದ್ದು ಅದೊಂದನ್ನೇ, ಉಸಿರು ಕಟ್ಟುವುದನ್ನು.

ಮೊದಲು ಬೋಟಿನ ಪಕ್ಕದಲ್ಲೇ, ಹಗ್ಗ ಹಿಡಿದು, ತಲೆಯಷ್ಟೇ ಮುಳುಗಿಸಿ ನೋಡುವ ಪರೀಕ್ಷೆ. ಅವಳು ಮುಳುಗಿದಳು. ಗುಳ್ಳೆ ಬರಲಿಲ್ಲ. ಅವರು ಅವಳ ಹೆಗಲು ತಟ್ಟಿ ಮೇಲೆ ತಂದರು. "ಉಸಿರಾಡ್ಬೇಕು ಮೇಡಂ."

"ಗೊತ್ತೈತ್ರಿ. ಆಗವಲ್ದು," ಎಂದಳು ಅವಳು. "ನೀರು ಮುಖಕ್ಕ ಹತ್ತಿದ ಕೂಡ್ಲೇ ತಾನ ಕಟ್ಟತೈತಿ."

ಎರಡನೆಯ ಸಲವೂ ಅಷ್ಟೇ. ನೀರು ಕನ್ನಡಿಯ ಹಾಗೆ ನಿಂತಿತ್ತು. ಮೇಲೆ ಬಂದಾಗ ಅವಳ ತುಟಿ ನೀಲಿಯಾಗಿತ್ತು, ಚಳಿಯಿಂದಲೋ ಅಳು ತಡೆದದ್ದರಿಂದಲೋ.

"ಇನ್ನೊಂದು ಸಲ ನೋಡುವ," ಎಂದರು ಅವರು, ಬಹಳ ಮೆತ್ತಗೆ. "ಆಗದಿದ್ರೆ ಇವತ್ತು ಬೇಡ ಮಾರಾಯ್ರೇ. ನಾನು ಕೆಳಗೆ ಕರ್ಕೊಂಡು ಹೋಗೂದಿಲ್ಲ. ಮತ್ತೊಮ್ಮೆ ಬನ್ನಿ."

ಮತ್ತೊಮ್ಮೆ ಎಂಬುದು ಇರಲಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿತ್ತು.

ನಾನು ಅಲ್ಲಿ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಅವಳು ಮೂರನೆಯ ಸಲವೂ ಸೋಲುತ್ತಿದ್ದಳು, ಬೋಟು ತಿರುಗುತ್ತಿತ್ತು, ಅತ್ತೆಯ ಕೈಗೆ ಮಗಳನ್ನು ಇಡಿಯಾಗಿ ಒಪ್ಪಿಸಿ ನಾನು ಹಗುರಾಗುತ್ತಿದ್ದೆ. ಕರಕೊಂಡು ಹೋದವಳು ನಾನೇ, ಕರಕೊಂಡು ಬಂದವಳೂ ನಾನೇ. ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದುದೂ ಅಷ್ಟೇ. ಆದರೆ ಅವಳು ಹಗ್ಗ ಹಿಡಿದು ನೀರಿನಿಂದ ನನ್ನ ಕಡೆಗೆ ಮುಖ ಎತ್ತಿದ್ದಳು, ಚಿಕ್ಕವಳಿದ್ದಾಗ ಲೆಕ್ಕದ ಉತ್ತರ ಬಾರದೆ ಎತ್ತುತ್ತಿದ್ದ ಹಾಗೆ. ನನ್ನ ಬಾಯಿ ತಾನಾಗಿ ತೆರೆಯಿತು.

"ಲೇ, ಇಲ್ಲಿ ಕೇಳು. ಇಷ್ಟು ದಿನ ನಿಮ್ಮವ್ವ ಎಣಿಸಿದ್ಲು, ನೀ ಬಾಯಿ ಮುಚಿಗೊಂಡು ಕುಂತಿದ್ದಿ. ಈಗ ನೀ ಅಳಿಯಾಕಿ. ನೀನ ಎಣಸು. ಭತ್ತ ಅಳದಂಗ. ಬಾಯಿ ನಿಂದ್ರಬಾರದು."

"ಕೊಳವಿ ಕಚಿಗೊಂಡು ಹೆಂಗ ಎಣಸಲಿ?"

"ಗಂಟಲಾಗ ಎಣಸು. ಗುಂಯ್ಯ್ ಅನಸು. ದನಿ ಹೊರಗ ಬಂದ್ರ ಉಸರೂ ಬರತೈತಿ. ಬಾಯಿ ನಿಂತ್ರ ಲೆಕ್ಕ ಹೋತು, ನೆನಪಿಟಗೋ."

ಗುರು ನನ್ನನ್ನೂ ಅವಳನ್ನೂ ನೋಡಿ, "ಇದೇನು ಭಾಷೆಯೋ, ಆದ್ರೆ ಹೇಳಿದ್ದು ಸರಿಯೇ," ಎಂದರು.

ಅವಳು ಮುಳುಗಿದಳು. ನೀರು ಮುಚ್ಚಿತು, ಸಮವಾಯಿತು. ನಾನು ಕಣ್ಣು ಮುಚ್ಚಿದೆ. ಆಮೇಲೆ ಬುಳಬುಳ ಸದ್ದು. ಕಣ್ಣು ತೆರೆದರೆ ಗುಳ್ಳೆ! ಒಂದು ಹಿಡಿ ಗುಳ್ಳೆ, ಮತ್ತೊಂದು ಹಿಡಿ. ನಾನು ಹೇಳಿಕೊಟ್ಟವಳೇ, ಆದರೂ ಮೈಯೊಳಗಿನ ಅಂಜಿಕೆ ಅದನ್ನು ಕೇಳಬೇಕಲ್ಲ. "ಅಯ್ಯೋ ಎತ್ರೀ ಮ್ಯಾಲ!" ಎಂದು ಚೀರಿಬಿಟ್ಟೆ.

ಬೋಟು ನಡೆಸುವವನು ಓಡಿ ಬಂದ. "ಏನಾಯ್ತು ಅಮ್ಮಾ?"

"ಗುಳ್ಳಿ ಬಂತು!"

"ಬರಬೇಕಲ್ಲ," ಎಂದ ಅವನು. "ಬರೂದು ನಿಂತ್ರೆ ಕೂಗಿ."

ಅಷ್ಟರಲ್ಲಿ ಗುರುವಿನ ಕೈ ನೀರಿನಿಂದ ಮೇಲೆ ಬಂದು, ಸರಿ ಎಂಬ ಸನ್ನೆ ಮಾಡಿ, ಒಳಗೆ ಹೋಯಿತು. ಇಬ್ಬರೂ ಇಳಿದರು. ಅವಳ ಹಳದಿ ಕಾಲ್ಗವಸು ಒಂದಷ್ಟು ದೂರ ಕಂಡು ಹಸಿರಾಗಿ, ಕಪ್ಪಾಗಿ, ಇಲ್ಲವಾಯಿತು.

ಆಮೇಲಿನದು ನಾನು ಹೇಗೆ ಹೇಳಲಿ? ಸಮುದ್ರದ ಮೇಲೆ ನನಗೆ ಉಳಿದದ್ದು ಆ ಗುಳ್ಳೆಗಳು ಮಾತ್ರ. ಒಂದು ಗುಂಪು ಎದ್ದರೆ ನಾನು ಉಸಿರು ಬಿಡುತ್ತಿದ್ದೆ. ಮುಂದಿನದು ತಡವಾದರೆ ನನ್ನ ಉಸಿರು ಕಟ್ಟುತ್ತಿತ್ತು. ಸುಮ್ಮನಿರಲಾರದೆ ನಾನೂ ಎಣಿಸಲು ತೊಡಗಿದೆ: ಲಾಭ, ಲಾಭ, ಲಾಭ... ಎರಡು, ಎರಡು... ಗುಳ್ಳೆ ಎರಡು ಕಡೆ ಏಳುತ್ತಿದ್ದವು, ಗುರುವಿನದು ಯಾವುದು ಇವಳದು ಯಾವುದು ಎಂದು ತಿಳಿಯದೆ ಲೆಕ್ಕ ಬೆರೆತು ಹೋಗುತ್ತಿತ್ತು, ಮತ್ತೆ ಲಾಭದಿಂದ ಹಿಡಿಯುತ್ತಿದ್ದೆ. ಬೋಟಿನವನು ಕೊಟ್ಟ ಚಹಾ ಕೈಯಲ್ಲೇ ಆರಿತು. ಗುಳ್ಳೆಗಳು ನಿಧಾನಕ್ಕೆ ಬಂಡೆಯ ಕಡೆ ಸರಿದವು. ಬಂಡೆಯ ಹಿಂದೆ ಹೋದವು. ಆಮೇಲೆ ಒಂದೂ ಕಾಣಲಿಲ್ಲ.

"ಅಣ್ಣಾ, ನಿಂತ್ವು."

"ನಿಂತಿಲ್ಲ ಅಮ್ಮಾ. ಆಚೆ ಬದಿ ಇದ್ದಾರೆ."

"ನಿನಗ ಹೆಂಗ ಗೊತ್ತು?"

"ದಿನಾ ಅದೇ ದಾರಿ."

ದಿನಾ ಹೋಗುವವರು ಅವರು, ನನ್ನ ನಾದಿನಿ ದಿನಾ ಹೋಗುವವಳಲ್ಲವಲ್ಲ. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತಿರುವುದು ಕಣ್ಣಿಗೆ ಕಟ್ಟಿತು. ನಾನೊಬ್ಬಳೇ ಬಸ್ಸಿಳಿದು ಅವರ ಮುಂದೆ ಹೋಗಿ ನಿಂತಂತೆ, ಅವರು ನನ್ನ ಹಿಂದೆ ಇಣುಕಿ ನೋಡಿದಂತೆ. ತಲೆ ತಿರುಗಿದರೆ ಇರಲೆಂದು ಇನ್ನೊಂದು ಕೈಯಲ್ಲಿ ಹಿಡಿದಿದ್ದ ನಿಂಬೆಹಣ್ಣು ಅಂಗೈಯಲ್ಲೇ ಪಿಚ್ಚೆಂದು ಒಡೆದು ರಸ ಮೊಣಕೈಗೆ ಇಳಿಯಿತು.

ಬಂಡೆಯ ಈಚೆ ಮಗ್ಗುಲಲ್ಲಿ ಮೊದಲು ಗುಳ್ಳೆ, ಆಮೇಲೆ ತಲೆ. ಒಂದಲ್ಲ, ಎರಡು ತಲೆ. ಅವಳು ಕೊಳವೆ ಉಗಿದು, ಬೋಟಿನ ಕಡೆ ಕೈ ಬೀಸಿ, ಗಂಟಲು ಹರಿಯುವ ಹಾಗೆ ಕೂಗಿದಳು: "ಅಕ್ಕಾ, ಆಮಿ! ದೊಡ್ಡ ಆಮಿ ಅಕ್ಕಾ, ನಮ್ಮ ಮನೀ ಬೀಸೂ ಕಲ್ಲಿನಷ್ಟು!"

ನಾನು ನಕ್ಕೆನೋ ಅತ್ತೆನೋ, ಬೋಟಿನವನನ್ನೇ ಕೇಳಬೇಕು. ಅವಳನ್ನು ಮೇಲೆಳೆದುಕೊಂಡ ಕೂಡಲೇ ಬೆನ್ನಿಗೊಂದು ಗುದ್ದು ಕೊಟ್ಟದ್ದು ಮಾತ್ರ ನೆನಪಿದೆ. ಆಳಕ್ಕೆ ಇಳಿದ ದಿನವೇ ಎತ್ತರಕ್ಕೆ ಏರಬಾರದು, ಘಾಟಿ ಹತ್ತಬೇಡಿ, ಒಂದು ರಾತ್ರಿ ಕೆಳಗೇ ಇರಿ ಎಂದು ಗುರು ಹೇಳಿದ್ದರಿಂದ ಲಾಡ್ಜಿನಲ್ಲೇ ಉಳಿದೆವು. ಅವಳು ಮಲಗಿದ ಕೂಡಲೇ ನಿದ್ದೆ ಹೋದಳು. ನಾನು ಅವಳ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಉಸಿರು ಬರುತ್ತಿತ್ತು, ಹೋಗುತ್ತಿತ್ತು.

ಸಿರುಗುಪ್ಪದಲ್ಲಿ ಬಸ್ಸಿಳಿದು ಮನೆಗೆ ಹೋದಾಗ ಅತ್ತೆ ಪಡಸಾಲೆಯಲ್ಲಿ ಕೂತು ಮದುವೆಯ ಅಕ್ಕಿ ಆರಿಸುತ್ತಿದ್ದರು. ಎದ್ದು ಬಂದು ಮೊದಲು ಮಗಳ ತಲೆ, ಹೆಗಲು, ಕಿವಿ ಎಲ್ಲ ಮುಟ್ಟಿ ನೋಡಿದರು. ಎಲ್ಲ ಇದ್ದಲ್ಲೇ ಇದ್ದವು. ನನ್ನ ಕಡೆ ಒಂದು ಸಲ ತಲೆ ಆಡಿಸಿದರು. ಅದಕ್ಕಿಂತ ದೊಡ್ಡ ಬಿರುದು ನನಗೆ ಆ ಮನೆಯಲ್ಲಿ ಸಿಕ್ಕಿಲ್ಲ.

ನಾದಿನಿ ಎಲ್ಲ ಹೇಳಿದಳು. ಉಸಿರು ಕಟ್ಟಬಾರದಂತೆ ಎಂದದ್ದು, ತಾನು ಎರಡು ಸಲ ಸೋತದ್ದು, ಗಂಟಲಲ್ಲಿ ಎಣಿಸಿಕೊಂಡು ಇಳಿದದ್ದು. ಅತ್ತೆ ಅಕ್ಕಿಯ ಮೊರ ಬದಿಗಿಟ್ಟು ಕೇಳಿದರು.

"ಎಣಿಸಿಕೋತ ಹೋದೆಲ್ಲ, ಎಷ್ಟಾತು?"

"ಎಲ್ಲೀದಬೇ! ಆರೋ ಏಳೋ ಆಗಿತ್ತು, ಆಮಿ ಬಂತು. ಅದನ್ನ ನೋಡ್ಕೋತ ಎಣಿಕಿ ತಪ್ಪಿಬಿಡ್ತು."

"ಮತ್ತ ಉಸರು?"

"ಅದು ತಾನ ಆಡಾಕ ಹತ್ತಿತ್ತು."

ಅತ್ತೆ ಮೊರವನ್ನು ತಿರುಗಿ ತೊಡೆಯ ಮೇಲೆ ಎಳೆದುಕೊಂಡರು. ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. ಮುಖ ಎತ್ತದೆಯೇ, ಮಾರುಕಟ್ಟೆಗೆ ಹೋಗಿ ಬಾ ಅನ್ನುವಷ್ಟು ಸಲೀಸಾಗಿ ಅಂದರು:

"ಎಣಿಕಿ ತಪ್ಪಿದ್ರ ಮೊದಲಿಂದ ಅಳೀಬೇಕಲ್ಲ. ಲಗ್ನ ಮುಗೀಲಿ. ಕರೂರಿನವರಿಗೆ ನಾ ಹೇಳತೀನಿ."

ನಾದಿನಿ ಹಿಗ್ಗಿ ಅವ್ವನ ಕೊರಳಿಗೆ ಬಿದ್ದಳು. ನನಗೆ ಮೊದಲು ಹೊಳೆದದ್ದು ಬೇರೆಯೇ.

"ಮುಂದಿನ ಸಲ ಇಕಿ ಗಂಡ ಕರಕೊಂಡು ಹೋಗತಾನಲ್ರೀ ಅತ್ತಿ?"

"ಅವನಿಗೇನು ತಿಳೀತೈತಿ?" ಎಂದರು ಅತ್ತೆ. "ನೀನ ಹೋಗಬೇಕು."

ನಾನು ಒಳಗೆ ಹೋಗಿ ಒಂದು ಚೆಂಬು ನೀರು ಕುಡಿದೆ. ಹಿತ್ತಲ ಬಾಗಿಲು ತೆರೆದಿತ್ತು. ಕಾಲುವೆ ತುಂಬಿ ಹೋಗುತ್ತಿತ್ತು. ಮುಂದಿನ ವರ್ಷ ದಸರೆ ಯಾವಾಗ ಬೀಳುತ್ತದೋ, ಹುಬ್ಬಳ್ಳಿಯ ರೈಲಿನ ಹೊತ್ತು ಬದಲಾಗಿರುತ್ತದೋ ಏನೋ, ಧೂಳು ಇನ್ಯಾವ ಮಟ್ಟಕ್ಕೆ ಏರಿರುತ್ತದೋ ಎಂದು ಅಲ್ಲೇ ನಿಂತು ಚಿಂತೆ ಶುರುಮಾಡಿದೆ.